ಹಳೆಯ ಸ್ವೆಟರ್ ಪ್ಯಾಟರ್ನ್: ವಿಧಾನ ಉಳಿಸಿ, ಅಂಕಿ ಬದಲಿಸಿ

ಹುತ್ತರಿ ಹಬ್ಬ ಹತ್ತಿರವಾಗುತ್ತಿದ್ದಂತೆ ಕೊಡಗಿನ ಬಾಳೆಲೆಯ ಕಡೆ ಪೆಟ್ಟಿಗೆಯೊಳಗಿನ ಸ್ವೆಟರ್‌ಗಳು ಬಿಸಿಲು ಕಾಣುತ್ತವೆ. ಕಾಫಿ ಕುಯ್ಲು ಮುಗಿಯುವವರೆಗೂ ಬೆಳಗಿನ ಮಂಜಿಗೆ ಅವು ಬೇಕು. ಕೆಲವು ಮನೆಗಳಲ್ಲಿ ಅವುಗಳ ಜೊತೆಗೇ ಹಳದಿಗಟ್ಟಿದ ಹೆಣಿಗೆ ಪುಸ್ತಕ, ಇಂಗ್ಲಿಷ್ ವಾರಪತ್ರಿಕೆಯಿಂದ ಕತ್ತರಿಸಿಟ್ಟ ಹಾಳೆ, ಉಲ್ಲನ್ ಕಂಪನಿಯವರು ಅಚ್ಚು ಹಾಕಿಸಿದ ನಾಲ್ಕು ಪುಟದ ಪ್ಯಾಟರ್ನ್ ಕೂಡ ಇರುವುದುಂಟು. ಚಿತ್ರದಲ್ಲಿನ ಅಂದ ನೋಡಿ ಆಸೆಪಟ್ಟು, ಹಾಳೆಯಲ್ಲಿ ಬರೆದಷ್ಟೇ ಕುಣಿಕೆ ಹಾಕಿ, ಒಂದು ಸಾಲೂ ತಪ್ಪದೆ ಹೆಣೆದರೂ ಮುಗಿದಾಗ ಸ್ವೆಟರ್ ಎದೆಗೆ ಬಿಗಿ, ಸೊಂಟಕ್ಕೆ ಗಿಡ್ಡ, ಕಂಕುಳಲ್ಲಿ ಹಿಡಿತ. ಹೆಣೆದವರು ತಮ್ಮ ಕೈಯನ್ನೇ ಬೈದುಕೊಂಡು ಕಡ್ಡಿ ಎತ್ತಿಡುತ್ತಾರೆ. ತಪ್ಪು ಕೈಯದಲ್ಲ. ಆ ಪ್ಯಾಟರ್ನ್ ಬರೆದದ್ದು ಬೇರೆ ಮೈಗೆ, ಬೇರೆ ಉಲ್ಲನ್‌ಗೆ, ಬೇರೆ ಉಡುಪಿನ ಜೊತೆ ತೊಡುವುದಕ್ಕೆ. ಅದರಲ್ಲಿ ಎರಡು ಸಂಗತಿ ಒಂದರೊಳಗೊಂದು ಬೆರೆತು ಕೂತಿವೆ: ಸ್ವೆಟರನ್ನು ಹೇಗೆ ಕಟ್ಟಬೇಕು ಎಂಬ ವಿಧಾನ, ಮತ್ತು ಯಾರೋ ಒಬ್ಬರ ಅಳತೆಗೆ ಹಾಕಿದ ಲೆಕ್ಕ. ವಿಧಾನ ಇಂದಿಗೂ ಅಂಗಡಿ ಸ್ವೆಟರ್‌ಗಿಂತ ಮೇಲು. ಲೆಕ್ಕವನ್ನು ಮಾತ್ರ ನೀವು ಹೊಸದಾಗಿ ಹಾಕಬೇಕು. ಇವೆರಡನ್ನು ಬಿಡಿಸಿ ನೋಡಲು ಕಲಿತರೆ ಎಂಥ ಹಳೆಯ ಪ್ಯಾಟರ್ನ್ ಆದರೂ ನಿಮ್ಮ ಮೈಗೆ ಒಗ್ಗುತ್ತದೆ.

ಈ ಹಾಳೆಗಳ ಹಿನ್ನೆಲೆ ಸ್ವಲ್ಪ ತಿಳಿದಿದ್ದರೆ ಅನುಕೂಲ. ಕಡ್ಡಿಯಲ್ಲಿ ಉಲ್ಲನ್ ಹೆಣೆಯುವುದು ನಮ್ಮ ಕಡೆ ಬೆಳೆದದ್ದು ಬ್ರಿಟಿಷರ ಕಾಲದಲ್ಲಿ, ಮಿಶನರಿ ಶಾಲೆ ಮತ್ತು ಕಂಟೋನ್ಮೆಂಟ್‌ಗಳ ಮೂಲಕ. ಕೊಡಗು 1834ರಲ್ಲಿ ಅವರ ಆಳ್ವಿಕೆಗೆ ಸೇರಿತು, ಬಳಿಕ ತೋಟಗಳು ಬಂದವು. ಮನೆಗೊಬ್ಬರೆಂಬಂತೆ ಸೇನೆ ಸೇರುವ ನಾಡಾದ್ದರಿಂದ ಚಳಿ ಊರುಗಳ ಉಡುಪು ಇಲ್ಲಿ ಹೊರಗಿನದೆನಿಸಲಿಲ್ಲ. ಪ್ಯಾಟರ್ನ್‌ಗಳು ಮಾತ್ರ ಬಹುಪಾಲು ಇಂಗ್ಲೆಂಡಿನವು. 1930ರ ದಶಕದಲ್ಲಿ ಅಲ್ಲಿನ ಹೆಂಗಸರು ಸ್ಕರ್ಟನ್ನು ಸೊಂಟದ ಮೇಲೆಯೇ ತೊಡುತ್ತಿದ್ದುದರಿಂದ ಸ್ವೆಟರ್ ಸೊಂಟಕ್ಕೇ ನಿಲ್ಲುತ್ತಿತ್ತು. 1941ರ ಜೂನ್ 1ರಿಂದ 1949ರ ಮಾರ್ಚ್‌ವರೆಗೆ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್. ಉಲ್ಲನ್‌ಗೂ ಕೂಪನ್ ಬೇಕಿತ್ತು. ಹೀಗಾಗಿ ತೆಳು ನೂಲು, ಗಿಡ್ಡ ಉದ್ದ, ಮೈಗಂಟುವ ಅಳತೆ, ಮೊಣಕೈ ಮೇಲಿನ ತೋಳು ಇವೆಲ್ಲ ಆ ಕಾಲದ ಪ್ಯಾಟರ್ನ್‌ಗಳಲ್ಲಿ ಗಟ್ಟಿಯಾಗಿ ನಿಂತವು. ನಿಮ್ಮ ಕೈಯಲ್ಲಿರುವ ಹಾಳೆಯ ಸ್ವೆಟರ್ ಗಿಡ್ಡವಾಗಿರುವುದಕ್ಕೆ ಕಾರಣ ಇದು. ಅಚ್ಚಿನ ತಪ್ಪಲ್ಲ.

ಹಳೆಯದರಲ್ಲಿ ಉಳಿಸಿಕೊಳ್ಳಬೇಕಾದ್ದು

ಮೊದಲು ಸೊಂಟದ ಪಟ್ಟಿ. ಹಳೆಯ ಸ್ವೆಟರ್‌ಗಳಲ್ಲಿ ಇದು ಮೂರು, ನಾಲ್ಕು ಇಂಚು ಎತ್ತರ ಇರುತ್ತದೆ. ಒಂದು ಸೀದಾ ಒಂದು ಉಲ್ಟಾ, ಅಥವಾ ಎರಡು ಸೀದಾ ಎರಡು ಉಲ್ಟಾ. ಸೀದಾ ಕುಣಿಕೆಯ ಕಂಬ ಮುಂದಕ್ಕೆ ಬರುತ್ತದೆ, ಉಲ್ಟಾ ಕಂಬ ಹಿಂದಕ್ಕೆ ಸರಿಯುತ್ತದೆ. ಹೀಗೆ ಹಾರ್ಮೋನಿಯಂ ತಿದಿಯಂತೆ ಮಡಿಚಿಕೊಳ್ಳುವುದರಿಂದಲೇ ಪಟ್ಟಿ ಅಷ್ಟು ಹಿಗ್ಗಿ ಅಷ್ಟೇ ಕುಗ್ಗುತ್ತದೆ. ಮೇಲಿನ ಭಾಗಕ್ಕಿಂತ ಎರಡು ನಂಬರ್ ಸಣ್ಣ ಕಡ್ಡಿಯಲ್ಲಿ, ಸುಮಾರು ಹತ್ತನೇ ಒಂದು ಪಾಲು ಕಡಿಮೆ ಕುಣಿಕೆಯಲ್ಲಿ ಇದನ್ನು ಹೆಣೆಯಲು ಹೇಳುವುದು ಈ ಹಿಡಿತಕ್ಕಾಗಿ. ಈಗಿನ ಅಂಗಡಿ ಸ್ವೆಟರ್‌ಗಳ ಒಂದೂವರೆ ಇಂಚಿನ ಪಟ್ಟಿ ಕೆಲವೇ ತೊಳೆತಕ್ಕೆ ಬಾಯಿ ಬಿಡುತ್ತದೆ. ಎತ್ತರದ ಪಟ್ಟಿ ಸೊಂಟವನ್ನು ಹಿಡಿದು ನಿಲ್ಲುವುದರಿಂದ ಗಾಳಿ ಕೆಳಗಿನಿಂದ ನುಗ್ಗುವುದಿಲ್ಲ.

ಇನ್ನು ಗಿಡ್ಡ ಉದ್ದದ ಮಾತು. ಈಗಿನ ಕಣ್ಣಿಗೆ ಅದು ಕೊರತೆ. ಸೀರೆಯ ಮೇಲೆ ತೊಡುವವರಿಗೆ, ಅದರಲ್ಲೂ ಕೊಡವ ಶೈಲಿಯಲ್ಲಿ ಸೀರೆ ಉಡುವವರಿಗೆ, ಅದೇ ಅನುಕೂಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಸೀರೆಯ ನೆರಿಗೆ ಹಿಂಬದಿಗೆ. ಸೆರಗು ಎಡ ಕಂಕುಳ ಕೆಳಗಿನಿಂದ ಎದೆಯನ್ನು ಬಳಸಿ ಬಂದು ಬಲ ಹೆಗಲಿನ ಮೇಲೆ ಪಿನ್ನಿಗೆ ಸೇರುತ್ತದೆ. ಸೊಂಟದಿಂದ ಆರೇಳು ಇಂಚು ಕೆಳಗಿಳಿಯುವ ಕಾರ್ಡಿಗನ್ ಹಿಂದಿನ ನೆರಿಗೆಯ ದಪ್ಪದ ಮೇಲೆ ಕೂತು ಉಬ್ಬುತ್ತದೆ, ಮುಂದೆ ಮೇಲೇರುತ್ತದೆ. ನಡೆದಾಡಿದರೆ ಬೆನ್ನಿನ ಕಡೆ ಗುಡ್ಡೆಯಾಗುತ್ತದೆ. ನೆರಿಗೆ ಸಿಕ್ಕಿಸುವ ಜಾಗಕ್ಕೆ ಸರಿಯಾಗಿ ಪಟ್ಟಿ ಮುಗಿದರೆ ಈ ತೊಂದರೆ ಒಂದೂ ಇಲ್ಲ. ಬಲ ಹೆಗಲಲ್ಲಿ ಪಿನ್ನು ಇರುವುದರಿಂದ 1940ರ ದಶಕದ ಹೆಗಲ ದಿಂಬು ಮಾತ್ರ ಬೇಡ. ಎತ್ತರದ ಕಾಲರೂ ಬೇಡ. ಅಗಲವಾದ ಗುಂಡು ಕತ್ತು ಅಥವಾ ವಿ ಕತ್ತು ಇರಲಿ. ಚೂಡಿದಾರ್ ಮೇಲೆ ತೊಡುವುದಾದರೆ ಉದ್ದವನ್ನು ಪಟ್ಟಿಗೂ ಕಂಕುಳಿಗೂ ನಡುವಿನ ಭಾಗದಲ್ಲಿ ಹೆಚ್ಚಿಸಿ, ಪಟ್ಟಿಯನ್ನು ಉದ್ದ ಮಾಡಬೇಡಿ.

ಮೂರನೆಯದು ಕಂಕುಳ ಕೊರೆತ, ಹೆಗಲ ಇಳಿಜಾರು, ತೋಳಿನ ತಲೆ. ಹಳೆಯ ಪ್ಯಾಟರ್ನ್‌ಗಳ ನಿಜವಾದ ಸಂಪತ್ತು ಇಲ್ಲಿದೆ. ಸುಲಭಕ್ಕಾಗಿ ಈಗ ಹೆಣೆಯುವ ಅನೇಕ ಸ್ವೆಟರ್‌ಗಳು ಎರಡು ಚೌಕ, ಅದಕ್ಕೆ ಸೇರಿಸಿದ ಎರಡು ಕೊಳವೆ, ಅಷ್ಟೇ. ಕೈ ಇಳಿಬಿಟ್ಟಾಗ ಕಂಕುಳಲ್ಲಿ ಬಟ್ಟೆ ಮುದ್ದೆಯಾಗುತ್ತದೆ. ಹಳೆಯ ಪ್ಯಾಟರ್ನ್ ಕಂಕುಳಲ್ಲಿ ಮೊದಲು ಹಲವು ಕುಣಿಕೆಯನ್ನು ಒಮ್ಮೆಲೇ ಮುಚ್ಚುತ್ತದೆ, ಮುಂದೆ ಎರಡು ಮೂರು, ಆಮೇಲೆ ಸಾಲು ಬಿಟ್ಟು ಸಾಲಿಗೆ ಒಂದೊಂದು ಇಳಿಸುತ್ತದೆ. ಇದರಿಂದ ಒಳಬಾಗಿದ ಕಮಾನು ಬರುತ್ತದೆ. ತೋಳಿನ ತಲೆಯನ್ನು ಇದಕ್ಕೆ ಹೊಂದುವ ಗುಡ್ಡದಾಕಾರಕ್ಕೆ ಹೆಣೆದಿರುತ್ತಾರೆ. ಹೆಗಲನ್ನು ಒಂದೇ ಸಾಲಿನಲ್ಲಿ ಮುಚ್ಚದೆ ಮೂರು ಮೆಟ್ಟಿಲಲ್ಲಿ ಮುಚ್ಚುವುದು ಮನುಷ್ಯರ ಹೆಗಲು ಇಳಿಜಾರಾಗಿರುವುದರಿಂದ. ಕೊಯ್ಲಿನ ಕೆಲಸಕ್ಕೆ ಕೈ ಎತ್ತಿದಾಗ ಸ್ವೆಟರ್ ಸೊಂಟದಿಂದ ಮೇಲೇಳದಿರಲು ಈ ಕೊರೆತ ಮೈಗೆ ಹತ್ತಿರ ಇರಬೇಕು. ಕಂಕುಳು ಆಳವಾದಷ್ಟು ಕೈ ಎತ್ತುವುದು ಸಲೀಸು ಎಂದುಕೊಳ್ಳುವವರೇ ಹೆಚ್ಚು, ಆದರೆ ಆಳವಾದಷ್ಟು ಇಡೀ ಸ್ವೆಟರನ್ನು ತೋಳು ಮೇಲಕ್ಕೆಳೆಯುತ್ತದೆ.

ಅಂಕಿ ಬದಲಿಸುವ ಕ್ರಮ

1. ಕಡ್ಡಿಯ ನಂಬರನ್ನು ಮಿಲಿಮೀಟರಿಗೆ ತಂದುಕೊಳ್ಳಿ. ಹಳೆಯ ಬ್ರಿಟಿಷ್ ಕ್ರಮದಲ್ಲಿ ನಂಬರ್ ಹೆಚ್ಚಾದಷ್ಟು ಕಡ್ಡಿ ಸಣ್ಣ. 12 ನಂಬರ್ ಎಂದರೆ ಸುಮಾರು 2.75 ಮಿ.ಮೀ., 10 ಎಂದರೆ 3.25, 8 ಎಂದರೆ 4 ಮಿ.ಮೀ. ನಮ್ಮ ಅಂಗಡಿಗಳಲ್ಲಿ ಇಂದಿಗೂ ಕಡ್ಡಿ ಕೇಳುವುದು ಈ ನಂಬರಿನಲ್ಲೇ. ಅಮೆರಿಕದ ಪ್ಯಾಟರ್ನಿನಲ್ಲಿ ಕ್ರಮ ತಿರುಗುಮುರುಗು: ಅಲ್ಲಿನ 8 ನಂಬರ್ 5 ಮಿ.ಮೀ., 10 ನಂಬರ್ 6 ಮಿ.ಮೀ. ಪ್ಯಾಟರ್ನ್ ಯಾವ ದೇಶದ್ದೆಂದು ತಿಳಿಯದಿದ್ದರೆ ಕುಣಿಕೆ ಮುಚ್ಚುವುದಕ್ಕೆ ಬಳಸಿದ ಮಾತು ನೋಡಿ. ‘ಕಾಸ್ಟ್ ಆಫ್’ ಎಂದಿದ್ದರೆ ಬಹುತೇಕ ಬ್ರಿಟಿಷ್, ‘ಬೈಂಡ್ ಆಫ್’ ಎಂದಿದ್ದರೆ ಅಮೆರಿಕನ್. ಇನ್ನೊಂದು ಬಲೆ ‘ಮೇಕ್ ಒನ್’. ಈಗಿನ ಪುಸ್ತಕಗಳಲ್ಲಿ ಎರಡು ಕುಣಿಕೆಯ ನಡುವಿನ ಎಳೆ ಎತ್ತಿ ಹೆಣೆಯುವುದಕ್ಕೆ ಈ ಹೆಸರು. ಹಳೆಯ ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಹಲವು ಕಡೆ ಉಲ್ಲನ್ ಮುಂದಕ್ಕೆ ತಂದು ತೂತು ಮಾಡುವುದಕ್ಕೇ ಹಾಗೆನ್ನುತ್ತಾರೆ. ಲೇಸ್ ವಿನ್ಯಾಸದಲ್ಲಿ ‘ಮೇಕ್ ಒನ್’ ಬಂದು ಪಕ್ಕದಲ್ಲೇ ಎರಡು ಕುಣಿಕೆ ಕೂಡಿಸುವ ಸೂಚನೆಯಿದ್ದರೆ ಅದು ತೂತೇ.

2. ಮಾದರಿ ತುಂಡು ಹೆಣೆಯಿರಿ. ಆರು ಇಂಚು ಅಗಲ, ಆರು ಇಂಚು ಎತ್ತರ, ಸ್ವೆಟರಿನ ಮೈಯಲ್ಲಿ ಬರುವ ವಿನ್ಯಾಸದಲ್ಲೇ. ಕೇಬಲ್ ಅಡ್ಡಕ್ಕೆ ಎಳೆದುಕೊಳ್ಳುತ್ತದೆ, ಲೇಸ್ ಹರಡಿಕೊಳ್ಳುತ್ತದೆ, ಆದ್ದರಿಂದ ಬರಿಯ ಸೀದಾ ಹೆಣಿಗೆಯ ಅಳತೆ ಇವಕ್ಕೆ ನಡೆಯದು. ಸ್ವೆಟರನ್ನು ಹೇಗೆ ತೊಳೆಯುತ್ತೀರೋ ಹಾಗೆಯೇ ಈ ತುಂಡನ್ನು ತೊಳೆದು, ಹರವಿ ಒಣಗಿಸಿ, ಆಮೇಲೆ ನಡುಭಾಗದಲ್ಲಿ ಸ್ಕೇಲ್ ಇಟ್ಟು ನಾಲ್ಕು ಇಂಚಿಗೆ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಿ. ಅಂಚಿನ ಕುಣಿಕೆಗಳು ಸೊಟ್ಟಗಿರುವುದರಿಂದ ಲೆಕ್ಕಕ್ಕೆ ಬೇಡ.

ಉಲ್ಲನ್ ದಂಡ, ಸಮಯ ದಂಡ ಎಂಬ ಆಕ್ಷೇಪ ಇಲ್ಲಿ ಸಾಮಾನ್ಯ. ಲೆಕ್ಕ ನೋಡಿ. ಬೆನ್ನಿನ ಭಾಗಕ್ಕೆ 150 ಕುಣಿಕೆ ಹಾಕಿದ್ದೀರಿ ಎಂದುಕೊಳ್ಳೋಣ. ಇಂಚಿಗೆ 7 ಕುಣಿಕೆ ಬಂದರೆ ಅಗಲ 21.4 ಇಂಚು. ಕೈ ಸ್ವಲ್ಪ ಸಡಿಲವಾಗಿ ಇಂಚಿಗೆ ಆರೂವರೆ ಬಂದರೆ 23 ಇಂಚು ದಾಟುತ್ತದೆ. ಮುಂಭಾಗವೂ ಸೇರಿದರೆ ಸುತ್ತಳತೆಯಲ್ಲಿ ಮೂರು ಇಂಚಿಗೂ ಮೀರಿದ ವ್ಯತ್ಯಾಸ. ಕಣ್ಣಿಗೆ ಕಾಣದ ಅರ್ಧ ಕುಣಿಕೆ ಒಂದಿಡೀ ಸೈಜನ್ನೇ ಬದಲಿಸುತ್ತದೆ. ಮಾದರಿ ತುಂಡಿನ ಉಲ್ಲನ್ ಬಿಚ್ಚಿ ಮತ್ತೆ ಬಳಸಬಹುದು, ಹೆಣೆದು ಮುಗಿದ ಸ್ವೆಟರ್ ಬಿಚ್ಚುವ ಸಂಕಟಕ್ಕೆ ಪರಿಹಾರವಿಲ್ಲ. ಹಿಂದಿನವರು ಮಾದರಿಯನ್ನೂ ಪ್ಯಾಟರ್ನನ್ನೂ ಇಟ್ಟುಕೊಳ್ಳದೆ ಹೆಣೆಯುತ್ತಿದ್ದರಲ್ಲ ಎನ್ನುವವರೂ ಇದ್ದಾರೆ. ನಿಜ. ಅವರು ವರ್ಷಗಟ್ಟಲೆ ಅದೇ ಬಗೆಯ ಉಲ್ಲನ್, ಅದೇ ಜೋಡಿ ಕಡ್ಡಿ, ಅದೇ ಮನೆಯವರ ಮೈ ಅಳತೆಯಲ್ಲಿ ಹೆಣೆದವರು. ಪ್ರತಿ ಸ್ವೆಟರೂ ಮುಂದಿನದಕ್ಕೆ ಮಾದರಿಯಾಗುತ್ತಿತ್ತು. ಪ್ರತಿ ಸಲ ಬೇರೆ ಉಲ್ಲನ್ ಕೊಳ್ಳುವ ನಮಗೆ ಆ ಅನುಕೂಲ ಇಲ್ಲ.

3. ಮಾದರಿಯನ್ನು ತೂಗಿ ಉಲ್ಲನ್ ಕೊಳ್ಳಿ. ಹಳೆಯ ಪ್ಯಾಟರ್ನ್ ಔನ್ಸಿನಲ್ಲಿ ಹೇಳುತ್ತದೆ. ಒಂದು ಔನ್ಸ್ ಸುಮಾರು 28 ಗ್ರಾಂ. ಆ ಲೆಕ್ಕವನ್ನು ನಂಬಬೇಡಿ, ಏಕೆಂದರೆ ಆಗಿನ ಉಣ್ಣೆಗೂ ಈಗ ಸಿಗುವ ಅಕ್ರಿಲಿಕ್‌ಗೂ ಗ್ರಾಂ ಒಂದಕ್ಕೆ ಬರುವ ಉದ್ದ ಬೇರೆ. ಆರು ಇಂಚಿನ ಚೌಕ ಎಂದರೆ 36 ಚದರ ಇಂಚು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಅದು 8 ಗ್ರಾಂ ತೂಗಿತು ಎನ್ನಿ. ಹಿಂದೆ ಮುಂದೆ ಎರಡೂ ಭಾಗ 21 ಇಂಚು ಅಗಲ, 20 ಇಂಚು ಉದ್ದವಾದರೆ 840 ಚದರ ಇಂಚು. ಎರಡು ತೋಳು, ಸರಾಸರಿ 12 ಇಂಚು ಅಗಲ, 18 ಇಂಚು ಉದ್ದ, ಒಟ್ಟು 432. ಕೂಡಿದರೆ 1272. ಅಂದರೆ ಮಾದರಿಯ 35 ಪಟ್ಟು, ಸುಮಾರು 283 ಗ್ರಾಂ. ಹತ್ತನೇ ಒಂದು ಪಾಲು ಸೇರಿಸಿ 320 ಗ್ರಾಂ ಕೊಂಡರೆ ಸಾಕು. ಬಾಳೆಲೆಯಂಥ ಊರಿನವರಿಗೆ ಈ ಲೆಕ್ಕ ಹೆಚ್ಚು ಮುಖ್ಯ. ಗೋಣಿಕೊಪ್ಪಲಿಗೋ ಮೈಸೂರಿಗೋ ಹೋಗಿ ತಂದ ಉಲ್ಲನ್ ಒಂದು ತೋಳಿನಲ್ಲಿ ಮುಗಿದುಹೋದರೆ ಮುಂದಿನ ಸಲ ಅದೇ ಬಣ್ಣದ ಅದೇ ಲಾಟ್ ಸಿಗುವ ಭರವಸೆಯಿಲ್ಲ. ಲಾಟ್ ಬದಲಾದರೆ ಎಷ್ಟೇ ಹೋಲುವ ಬಣ್ಣವಾದರೂ ಬಿಸಿಲಿನಲ್ಲಿ ಗೆರೆ ಎಳೆದಂತೆ ಬೇರೆ ಕಾಣುತ್ತದೆ. ಮೊದಲ ಸಲ ಮಾದರಿಗೆ ಒಂದು ಉಂಡೆ, ಎರಡನೇ ಸಲ ಲಾಟ್ ನಂಬರ್ ನೋಡಿ ಪೂರ್ತಿ ಉಲ್ಲನ್ ಒಟ್ಟಿಗೆ.

4. ಅಗಲದ ಲೆಕ್ಕ ಹಾಕಿ. ಹಳೆಯ ಪ್ಯಾಟರ್ನ್ 34 ಇಂಚಿನ ಎದೆಗೆ, ಇಂಚಿಗೆ 8 ಕುಣಿಕೆಯಂತೆ, ಬೆನ್ನಿಗೆ 136 ಕುಣಿಕೆ ಹೇಳಿದೆ ಎಂದಿಟ್ಟುಕೊಳ್ಳಿ. 136ನ್ನು 8ರಿಂದ ಭಾಗಿಸಿದರೆ 17 ಇಂಚು, ಎರಡು ಭಾಗ ಸೇರಿ 34. ಮೈಯಷ್ಟೇ ಸ್ವೆಟರ್, ಒಂದಿಂಚೂ ಸಡಿಲವಿಲ್ಲ. ಆಗಿನ ಫ್ಯಾಷನ್ ಅದು. ನಿಮ್ಮ ಎದೆ 40 ಇಂಚು, ರವಿಕೆ ಮತ್ತು ಸೆರಗಿನ ಮೇಲೆ ತೊಡಲು ಎರಡಿಂಚು ಸಡಿಲ ಬೇಕು, ಒಟ್ಟು 42. ಬೆನ್ನಿಗೆ 21 ಇಂಚು. ಮಾದರಿಯಲ್ಲಿ ಇಂಚಿಗೆ 7 ಬಂದಿದ್ದರೆ 147, ಹೊಲಿಗೆಗೆ ಬದಿಗೊಂದರಂತೆ ಎರಡು ಸೇರಿಸಿ 149, ಸಮಸಂಖ್ಯೆಗೆ 150. ಎರಡು ಸೀದಾ ಎರಡು ಉಲ್ಟಾ ಪಟ್ಟಿ ಎರಡೂ ಅಂಚಿಗೆ ಸೀದಾ ಜೋಡಿಯಿಂದ ಮುಗಿಯಲು ನಾಲ್ಕರ ಮಗ್ಗಿಗೆ ಎರಡು ಕೂಡಿಸಿದ ಸಂಖ್ಯೆ ಬೇಕು. ಪಟ್ಟಿಗೆ 134 ಹಾಕಿ, ಪಟ್ಟಿಯ ಮೇಲಿನ ಸಾಲಿನಲ್ಲಿ ಸಮನಾಗಿ ಹಂಚಿ 150ಕ್ಕೆ ಏರಿಸಿದರೆ ಪಟ್ಟಿಯೂ ಅಗಲವೂ ಕೂಡಿಬರುತ್ತವೆ. ವಿನ್ಯಾಸ 12 ಕುಣಿಕೆಗೊಮ್ಮೆ ಮರಳುವುದಾದರೆ 150ರಲ್ಲಿ 12 ಸಲ ಬಂದು 6 ಉಳಿಯುತ್ತದೆ. ಬದಿಗೆ ಮೂರು ಮೂರು ಸೀದಾ ಹೆಣೆಯಿರಿ. ವಿನ್ಯಾಸವನ್ನು ಎಳೆದಾಡಿ ಹೊಂದಿಸುವುದಕ್ಕಿಂತ ಇದು ಅಂದ.

5. ಹೆಗಲನ್ನು ಎದೆಯ ಲೆಕ್ಕದಲ್ಲಿ ದೊಡ್ಡದು ಮಾಡಬೇಡಿ. ಪ್ಯಾಟರ್ನ್ ಹಿಗ್ಗಿಸುವವರು ಬಹುಪಾಲು ಸೋಲುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಎದೆಯ ಸುತ್ತಳತೆ 34ರಿಂದ 40ಕ್ಕೆ ಆರಿಂಚು ಏರಿದಾಗ ಬೆನ್ನಿನ ಮೇಲ್ಭಾಗದಲ್ಲಿ ಒಂದು ಹೆಗಲ ಮೂಳೆಯಿಂದ ಇನ್ನೊಂದಕ್ಕೆ ಇರುವ ಅಗಲ ಒಂದೂವರೆ ಎರಡಿಂಚಿಗಿಂತ ಹೆಚ್ಚು ಏರುವುದಿಲ್ಲ. ಮೂಳೆ ಅಷ್ಟೇ ಇರುತ್ತದೆ, ಮೈ ತುಂಬುವುದು ಬೇರೆ ಕಡೆ. ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಹೆಗಲ ಹೊಲಿಗೆ ತೋಳಿನ ಮೇಲೆ ಜಾರಿ ಕೂರುತ್ತದೆ, ಕತ್ತು ಅಗಲವಾಗಿ ಬಾಯಿ ಬಿಡುತ್ತದೆ. ಪ್ಯಾಟರ್ನಿನಲ್ಲಿ 136 ಕುಣಿಕೆ ಕಂಕುಳ ಕೊರೆತ ಮುಗಿಯುವಾಗ 104ಕ್ಕೆ ಇಳಿದಿದ್ದರೆ ಬದಿಗೆ 16, ಅಂದರೆ ಎರಡೆರಡು ಇಂಚು ಹೋಗಿದೆ. ನಿಮ್ಮ ಬೆನ್ನಗಲವನ್ನು ಬೇರೆಯವರ ಕೈಯಲ್ಲಿ ಅಳೆಸಿ. 15 ಇಂಚು ಬಂದರೆ 105, ಸಮಸಂಖ್ಯೆಗೆ 106. 150ರಿಂದ 106ಕ್ಕೆ ಬರಲು ಬದಿಗೆ 22 ಕುಣಿಕೆ ಇಳಿಸಬೇಕು. ಹಳೆಯ ಕಮಾನಿನ ಕ್ರಮವನ್ನೇ ಇಟ್ಟುಕೊಂಡು ಮೊದಲು 8 ಮುಚ್ಚಿ, ನಂತರ 3, ನಂತರ 2, ಉಳಿದ 9ನ್ನು ಸಾಲು ಬಿಟ್ಟು ಸಾಲಿಗೆ ಒಂದೊಂದರಂತೆ ಇಳಿಸಿ. ಎಂಟಿಂಚು ಕಂಕುಳ ಆಳಕ್ಕೆ, ಇಂಚಿಗೆ 9 ಸಾಲಿನಂತೆ, 72 ಸಾಲು. ಕೊನೆಗೆ 106ರಲ್ಲಿ ಕತ್ತಿಗೆ 40, ಹೆಗಲಿಗೆ 33 ಮತ್ತು 33. ಹೆಗಲನ್ನು 11ರಂತೆ ಮೂರು ಮೆಟ್ಟಿಲಲ್ಲಿ ಮುಚ್ಚಿದರೆ ಇಳಿಜಾರು ಸಿದ್ಧ.

ಅಂಕಿಯೆಲ್ಲ ಬದಲಾದ ಮೇಲೆ ಇದು ಹಳೆಯ ಪ್ಯಾಟರ್ನ್ ಎಂದು ಹೇಗೆ ಹೇಳುವುದು ಎಂಬ ಪ್ರಶ್ನೆ ಏಳಬಹುದು. ಮೇಲಿನ ಲೆಕ್ಕದಲ್ಲಿ ಬದಲಾಗದೆ ಉಳಿದದ್ದನ್ನು ನೋಡಿ: ಮೊದಲು ಹೆಚ್ಚು, ಆಮೇಲೆ ಕಡಿಮೆ ಎಂಬ ಇಳಿತದ ಕ್ರಮ, ಮೂರು ಮೆಟ್ಟಿಲ ಹೆಗಲು, ಎತ್ತರದ ಪಟ್ಟಿ, ವಿನ್ಯಾಸ ಕೂರುವ ಜಾಗ. ಚಿತ್ರದಲ್ಲಿ ನಿಮಗೆ ಇಷ್ಟವಾದ ಅಂದ ಹುಟ್ಟಿದ್ದು ಇವುಗಳಿಂದ. 136 ಎಂಬ ಸಂಖ್ಯೆಯಲ್ಲಿ ಅಂದವೇನೂ ಇಲ್ಲ. ಆ ಸಂಖ್ಯೆಯನ್ನು ಹಾಗೇ ಇಟ್ಟುಕೊಂಡು ನಿಮ್ಮ ಉಲ್ಲನ್‌ನಲ್ಲಿ ಹೆಣೆದರೆ 34 ಇಂಚಿನ ಸುತ್ತಳತೆಗೆ ಬದಲು 39 ಇಂಚು, 13 ಇಂಚಿನ ಹೆಗಲಿಗೆ ಬದಲು ಸುಮಾರು 15 ಇಂಚು ಬರುತ್ತದೆ. ಪ್ಯಾಟರ್ನಿಗೆ ನಿಷ್ಠರಾಗಿದ್ದೂ ಅದರಲ್ಲಿರುವ ಸ್ವೆಟರ್ ಸಿಗುವುದಿಲ್ಲ.

6. ತೋಳಿನ ತಲೆಯನ್ನು ಟೇಪಿನಿಂದ ಹೊಂದಿಸಿ. ಎಂಟಿಂಚು ಆಳದ ಕಂಕುಳಿಗೆ ತಲೆಯ ಎತ್ತರ ಐದೂವರೆ ಇಂಚಿನ ಸುಮಾರು. ಕಂಕುಳ ಕಮಾನಿನ ಉದ್ದವನ್ನು ಟೇಪು ಬಗ್ಗಿಸಿ ಅಳೆಯಿರಿ. ತೋಳಿನ ತಲೆಯ ಅಂಚು ಅಷ್ಟೇ ಇರಬೇಕು, ಒಂದಿಂಚು ಹೆಚ್ಚಾದರೂ ಪರವಾಗಿಲ್ಲ, ಕಡಿಮೆ ಆಗಬಾರದು. 1940ರ ದಶಕದ ಪಫ್ ತೋಳು ಬೇಕಿದ್ದರೆ ಮೇಲ್ತುದಿಯಲ್ಲಿ ನಾಲ್ಕು ಇಂಚಿನಷ್ಟು ಕುಣಿಕೆ ಹೆಚ್ಚಾಗಿ ಉಳಿಸಿ, ಒಂದೊಂದು ಇಂಚು ನುಂಗುವ ನಾಲ್ಕು ನೆರಿಗೆಯಾಗಿ ಮಡಿಚಿ ಹೊಲಿಯಿರಿ. ಹೀಗೆ ಮಡಿಚಿದ ನೆರಿಗೆಯೇ ಒಳಗಿನಿಂದ ಎತ್ತಿ ಹಿಡಿಯುವುದರಿಂದ ಪಫ್ ಬೀಳುವುದಿಲ್ಲ. ದಾರ ಎಳೆದು ಸುಕ್ಕುಗಟ್ಟಿಸಿದ್ದು ಎರಡು ತೊಳೆತಕ್ಕೆ ಜೋಲುತ್ತದೆ.

ಪ್ಯಾಟರ್ನ್ ಇಲ್ಲ, ಸ್ವೆಟರ್ ಮಾತ್ರ ಇದ್ದರೆ

ಎಷ್ಟೋ ಮನೆಗಳಲ್ಲಿ ಉಳಿದಿರುವುದು ಸ್ವೆಟರ್ ಒಂದೇ. ಅದನ್ನು ಓದಿಯೂ ಪ್ಯಾಟರ್ನ್ ಬರೆದುಕೊಳ್ಳಬಹುದು. ಬಿಸಿಲು ಬೀಳುವ ಮೇಜಿನ ಮೇಲೆ ಎಳೆಯದೆ ಹರವಿ, ಪಟ್ಟಿಯಿಂದಲೂ ಬದಿಯ ಹೊಲಿಗೆಯಿಂದಲೂ ದೂರದಲ್ಲಿ ಎರಡು ಗುಂಡುಪಿನ್ನನ್ನು ಎರಡಿಂಚು ಅಂತರದಲ್ಲಿ ಚುಚ್ಚಿ. ಸೀದಾ ಬದಿಯಲ್ಲಿ ಕಾಣುವ ವಿ ಆಕಾರದ ಒಂದೊಂದು ಗುರುತೂ ಒಂದು ಕುಣಿಕೆ. ಎರಡು ವಿಗಳ ನಡುವಿನ ಕಣಿವೆಯನ್ನು ಕುಣಿಕೆಯೆಂದು ಎಣಿಸಿಬಿಡುವುದು ಸುಲಭ, ಸೂಜಿಯ ಮೊನೆಯನ್ನು ವಿಯ ತಳಕ್ಕೇ ಇಟ್ಟು ಎಣಿಸಿ. ಇನ್ನು ಕಂಕುಳ ಹೊಲಿಗೆಯ ಒಳಬದಿ ತಿರುಗಿಸಿ ನೋಡಿ. ಕುಣಿಕೆ ಮುಚ್ಚಿದ ಕಡೆ ಸಣ್ಣ ಮೆಟ್ಟಿಲು ಕಾಣುತ್ತದೆ. ಒಂದು ಮೆಟ್ಟಿಲೆಂದರೆ ಎರಡು ಸಾಲು, ಅದರ ಅಗಲ ಎಣಿಸಿದರೆ ಮುಚ್ಚಿದ ಕುಣಿಕೆಯ ಸಂಖ್ಯೆ. ಮೆಟ್ಟಿಲು ಮುಗಿದ ಮೇಲೆ ಒಂದು ವಿ ಇನ್ನೊಂದರ ಮೇಲೆ ಓರೆಯಾಗಿ ಹತ್ತಿ ಕೂತಿರುವುದು ಅಲ್ಲಲ್ಲಿ ಸಿಗುತ್ತದೆ. ಅದು ಒಂದು ಕುಣಿಕೆ ಇಳಿಸಿದ ಜಾಗ. ಎರಡು ಕುಣಿಕೆ ಸೀದಾ ಕೂಡಿಸಿದರೆ ಅದು ಬಲಕ್ಕೆ ವಾಲುತ್ತದೆ. ಒಂದನ್ನು ಹೆಣೆಯದೆ ಜಾರಿಸಿ, ಮುಂದಿನದನ್ನು ಹೆಣೆದು, ಜಾರಿಸಿದ್ದನ್ನು ಅದರ ಮೇಲೆ ದಾಟಿಸಿದರೆ ಎಡಕ್ಕೆ ವಾಲುತ್ತದೆ. ಚೆನ್ನಾಗಿ ಹೆಣೆದ ಹಳೆಯ ಸ್ವೆಟರಿನಲ್ಲಿ ಎರಡೂ ಬದಿಯ ಇಳಿತ ಒಂದಕ್ಕೊಂದು ಎದುರಾಗಿ, ಅಂಚಿನಿಂದ ಎರಡು ಕುಣಿಕೆ ಒಳಗೆ, ಸಾಲಾಗಿ ಕಾಣುತ್ತದೆ. ಇವನ್ನೆಲ್ಲ ಚೌಕುಳಿ ಹಾಳೆಯ ಮೇಲೆ, ಕುಣಿಕೆಗೊಂದು ಚೌಕದಂತೆ ಗುರುತು ಮಾಡಿದರೆ ಅಚ್ಚಿನ ಪ್ಯಾಟರ್ನಿಗಿಂತ ನಂಬಲರ್ಹ ದಾಖಲೆ ಸಿಗುತ್ತದೆ.

ಹಾಳೆಯೂ ಸ್ವೆಟರೂ ಇಲ್ಲದವರಿಗೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1940ರ ದಶಕದ ಕೆಲವು ಪ್ಯಾಟರ್ನ್‌ಗಳನ್ನು ಉಚಿತವಾಗಿ ಕೊಟ್ಟಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ‘ಟ್ರೋವ್’ ಎಂಬ ಹೆಸರಿನಲ್ಲಿ ಇಂಟರ್ನೆಟ್ಟಿಗೆ ಹಾಕಿರುವ ‘ಆಸ್ಟ್ರೇಲಿಯನ್ ವಿಮೆನ್ಸ್ ವೀಕ್ಲಿ’ಯ 1933ರಿಂದ ಮುಂದಿನ ಸಂಚಿಕೆಗಳಲ್ಲೂ ಹೆಣಿಗೆ ಪುಟಗಳು ಹೇರಳ.

ಸಾಮಾನ್ಯ ತಪ್ಪುಗಳು

ಅಕ್ರಿಲಿಕ್ ಸ್ವೆಟರಿಗೆ ಬಿಸಿ ಇಸ್ತ್ರಿ ಇಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಕ್ರಿಲಿಕ್ ಎಳೆ ಬಿಸಿಗೆ ಮೆದುವಾಗಿ ಚಪ್ಪಟೆಯಾಗುತ್ತದೆ, ಮತ್ತೆ ಮೇಲೇಳುವುದಿಲ್ಲ. ಪಟ್ಟಿಗೆ ಇಸ್ತ್ರಿ ತಗುಲಿತೆಂದರೆ ಆ ಹಿಡಿತ ಶಾಶ್ವತವಾಗಿ ಹೋಯಿತು. ಉಣ್ಣೆಯಾದರೆ ಒದ್ದೆ ಮಾಡಿ, ಅಳತೆಗೆ ಹರವಿ, ಪಿನ್ನು ಹಾಕಿ ಒಣಗಿಸಿದರೆ ಆಕಾರ ನಿಲ್ಲುತ್ತದೆ. ಅಕ್ರಿಲಿಕ್‌ಗೆ ಆ ಗುಣ ಕಡಿಮೆ, ಹಾಗಾಗಿ ಅದರಲ್ಲಿ ಹೆಣೆಯುವಾಗಲೇ ಅಳತೆ ಸರಿ ಇರಬೇಕು. ಹಳೆಯ ಪ್ಯಾಟರ್ನಿಗೆ ಉಣ್ಣೆಯೇ ಆಗಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿಯೂ ಮೈಗೆ ಒದ್ದೆ ಎನಿಸುವುದಿಲ್ಲ, ಮಂಜಿನ ಬೆಳಗಿಗೆ ಅದಕ್ಕೆ ಸಮ ಇಲ್ಲ. ಅದೇ ಗುಣದಿಂದ ಮಳೆಗಾಲದಲ್ಲಿ ಅದು ಒಣಗುವುದೂ ಇಲ್ಲ. ದಿನವೂ ತೊಟ್ಟು ಪದೇ ಪದೇ ತೊಳೆಯುವ ಸ್ವೆಟರಿಗೆ ಅಕ್ರಿಲಿಕ್ ಸರಿ, ಮದುವೆ ಹಬ್ಬಗಳಿಗೆ ಎತ್ತಿಡುವುದಕ್ಕೆ ಉಣ್ಣೆ. ಒಂದೇ ಸಾಲಿನಲ್ಲಿ ಎರಡು ಬಣ್ಣ ಬಳಸುವ ಫೇರ್ ಐಲ್ ಮಾತ್ರ ಉಣ್ಣೆಯಲ್ಲೇ ಆಗಲಿ. 1922ರಲ್ಲಿ ಇಂಗ್ಲೆಂಡಿನ ಯುವರಾಜ ಎಡ್ವರ್ಡ್ ಗಾಲ್ಫ್ ಮೈದಾನಕ್ಕೆ ತೊಟ್ಟು ಬಂದ ಮೇಲೆ ಎಲ್ಲೆಡೆ ಹಬ್ಬಿದ ವಿನ್ಯಾಸ ಅದು. ಹಿಂಬದಿಯಲ್ಲಿ ಉದ್ದಕ್ಕೂ ಸಾಗುವ ಎಳೆಗಳು ಉಣ್ಣೆಯಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನುಣುಪಾದ ಅಕ್ರಿಲಿಕ್‌ನಲ್ಲಿ ಜಾರಿ ಬೆರಳಿಗೆ, ಬಳೆಗೆ ಸಿಕ್ಕಿಕೊಳ್ಳುತ್ತವೆ.

ತೋಟಕ್ಕೆ ತೊಟ್ಟು ಹೋಗುವ ಸ್ವೆಟರಿಗೆ ಲೇಸ್ ವಿನ್ಯಾಸ ಆರಿಸುವುದೂ ತಪ್ಪೇ. ಕಾಫಿ ಗಿಡದ ರೆಂಬೆಯ ತುದಿ ಒಂದು ತೂತಿಗೆ ಸಿಕ್ಕಿದರೆ ಎಳೆ ಇಡೀ ಸಾಲಿನುದ್ದಕ್ಕೂ ಎಳೆದುಬರುತ್ತದೆ. ಒತ್ತಾದ ಸೀದಾ ಉಲ್ಟಾ ವಿನ್ಯಾಸ ಅಲ್ಲಿಗೆ ಒಳ್ಳೆಯದು. ಗುಂಡಿಪಟ್ಟಿಯನ್ನು ಮೈಗೆ ಬಳಸಿದ ಕಡ್ಡಿಯಲ್ಲೇ ಹೆಣೆದರೆ ಅದು ಅಲೆಯಲೆಯಾಗುತ್ತದೆ, ಎರಡು ನಂಬರ್ ಸಣ್ಣದನ್ನು ಬಳಸಿ.

ಮಳೆಗಾಲದ ಎಚ್ಚರಿಕೆ

ಸ್ವೆಟರುಗಳನ್ನು ಬೇಸಿಗೆ ಮುಗಿಯುವುದರೊಳಗೆ ತೊಳೆದು ಪೂರ್ತಿ ಒಣಗಿಸಿ ಎತ್ತಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಳೆಯುವ ಗೋಜಿಗೆ ಹೋಗದಿರುವುದೇ ಕ್ಷೇಮ. ಉಣ್ಣೆ ತಿನ್ನುವ ಹುಳು ಬೆವರು, ಎಣ್ಣೆ, ಸಾರಿನ ಕಲೆಯಿರುವ ಜಾಗವನ್ನೇ ಹುಡುಕಿ ಹೋಗುತ್ತದೆ, ಆದ್ದರಿಂದ ಕೊಳೆ ಸ್ವೆಟರಿನ ಪಕ್ಕ ನುಸಿಗುಳಿಗೆ ಇಡುವುದಕ್ಕಿಂತ ತೊಳೆದಿಡುವುದು ಹೆಚ್ಚು ಕೆಲಸ ಮಾಡುತ್ತದೆ. ಮಕ್ಕಳಿರುವ ಮನೆಯಲ್ಲಿ ನುಸಿಗುಳಿಗೆ ಕೈಗೆಟುಕಬಾರದು. ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಬೇಡಿ. ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಕಚ್ಚಿ ಸ್ವೆಟರ್ ಕಂಬಳಿಯಾಗಿ ಕುಗ್ಗುತ್ತದೆ, ಬಿಡಿಸಲು ದಾರಿಯಿಲ್ಲ. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಹರವಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಸೊಂಟದ ಪಟ್ಟಿ ಮೊಣಕಾಲಿಗೆ ಬರುತ್ತದೆ. ಪ್ಯಾಟರ್ನ್ ಹಾಳೆಗಳಿಗೂ ಇದೇ ಕಾಲ ಶತ್ರು. ಗೋಡೆಗೆ ತಾಗಿದ ಕಪಾಟಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಮೀನು ಹುಳು ಅಂಟು ಇರುವ ಅಂಚನ್ನು ತಿನ್ನುತ್ತದೆ. ಹಾಳೆಗೆ ಟೇಪು ಅಂಟಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಒಣ ದಿನ ನೋಡಿ ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ, ನೀವು ಹಾಕಿದ ಹೊಸ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಉಲ್ಲನ್ ಹೆಸರು, ಕಡ್ಡಿ ನಂಬರ್, ಇಂಚಿಗೆ ಬಂದ ಕುಣಿಕೆ ಸಮೇತ ಬರೆದು, ಮಾದರಿ ತುಂಡನ್ನು ಬಿಚ್ಚದಿದ್ದರೆ ಅದನ್ನೂ ಆ ಪುಟಕ್ಕೆ ಪಿನ್ನು ಮಾಡಿ.